ಹಿಂದಿನ ಸೀಟಿನಲ್ಲಿ ಬಿಟ್ಟ ಜಾಗ

ಕಾರಿನ ಮುಂದೆ ಒಡೆದ ತೆಂಗಿನಕಾಯಿಯಲ್ಲಿ ಒಂದು ತೊಟ್ಟು ನೀರಿರಲಿಲ್ಲ! ಚಿಪ್ಪು ಎರಡು ಹೋಳಾಗಿ, ಒಣಗಿದ ಕೊಬ್ಬರಿ ಗಿಟುಕು ಉರುಳಿಬಂದು ಚಕ್ರದ ಕೆಳಗಿನ ನಿಂಬೆಹಣ್ಣಿಗೆ ತಾಗಿ ನಿಂತಿತು. ಹೊನ್ನವಳ್ಳಿಯ ಆ ಅಂಗಳದಲ್ಲಿ ನೆರೆದವರೆಲ್ಲ ತುಂಬು ಬಸುರಿ ಸೊಸೆ ಕೋಮಲಾಳ ಮುಖ ನೋಡಿದರು. ತಪ್ಪೇನಿದ್ದರೂ ಸೊಸೆಯದೇ ತಾನೇ! ಆದರೆ ಕಾಯಿ ತಂದುಕೊಟ್ಟವಳು ಅತ್ತೆ ಸಿದ್ದಗಂಗಮ್ಮ. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, ನೀರಿದೆಯೋ ಕೊಬ್ಬರಿಯಾಗಿದೆಯೋ ಹೇಳಿಬಿಡುವ ಹೆಂಗಸು. ಅಂಥವಳು ಪೂಜೆಗೆ ಒಣಕಾಯಿ ತರುವುದೆಂದರೇನು? ಕೋಮಲಾ ತಿರುಗಿ ನೋಡಿದಳು. ಅತ್ತೆಯ ಕಣ್ಣು ಕಾಯಿಯ ಮೇಲಿರಲಿಲ್ಲ, ಆ ಕಡುನೀಲಿ ಎಸ್ಟೀಮ್ ಕಾರಿನ ಹಿಂದಿನ ಎಡಬಾಗಿಲಿನ ನೆಗ್ಗಿನ ಮೇಲಿತ್ತು.

"ಈ ಗಾಡಿ ಎಲ್ಲಿ ಸಿಕ್ತಲಾ ನಿಂಗೆ?"

"ತಿಪಟೂರಲ್ಲಿ ಕಣವ್ವ. ಸೆಕೆಂಡ್ ಹ್ಯಾಂಡ್ ಆದ್ರೂ ಇಂಜಿನ್ ಹೊಸದರಂಗೈತೆ," ಎಂದ ಮಗ ನಂಜುಂಡಪ್ಪ. "ಈ ಸಲ ಗಾಡಿ ಸಿಗಲಿಲ್ಲ ಅನ್ನೋ ಮಾತು ನಮ್ಮನೇಲಿ ಬರಬಾರದು."

ಅವನ ಮೊದಲ ಹೆಂಡತಿ ಚಿಕ್ಕಗೌರಮ್ಮ ಹೆರಿಗೆಯಲ್ಲಿ ಕೂಸಿನೊಂದಿಗೆ ತೀರಿಕೊಂಡು ಆರು ವರ್ಷ. ಅವತ್ತು ಅವನು ಕೊಬ್ಬರಿ ಹರಾಜಿಗೆ ಹೋಗಿದ್ದ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. 'ಆಸ್ಪತ್ರೆಗೆ ಹೋಗಾಕೆ ಯಾವ ಗಾಡೀನೂ ಸಿಗಲಿಲ್ಲ' ಎಂದಿದ್ದಳು ತಾಯಿ. ಪಾಪ, ಮಗ ನಂಬಿದ್ದ... ಆ ಕೊರಗಿನಲ್ಲೇ ಈ ಕಾರು ಕೊಂಡಿದ್ದ.

ಮೊದಲ ಭಾನುವಾರ ಮೂವರೂ ಶೆಟ್ಟಿಕೆರೆಯ ನೆಂಟರ ಮನೆಗೆ ಹೊರಟರು. ಮನೆಯಲ್ಲಿ ಕಾಲು ಚಾಚಿ ಇಡೀ ಜಗಲಿ ಆಕ್ರಮಿಸುವ ಸಿದ್ದಗಂಗಮ್ಮ, ಕಾರಿನ ಹಿಂದಿನ ಸೀಟಿನಲ್ಲಿ ಬಲಗಡೆಯ ಕಿಟಕಿಗೆ ಒತ್ತಿಕೊಂಡು, ಸೆರಗು ಮುದುಡಿಕೊಂಡು ಕೂತಳು. ಎಡಕ್ಕೆ ಕೂತ ಕೋಮಲಾಳಿಗೂ ಅವಳಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ.

"ಅತ್ತೆ, ಈ ಕಡೆ ಸರಿದು ಆರಾಮಾಗಿ ಕೂತ್ಕೊಳ್ಳಿ. ಜಾಗ ಐತಲ್ಲ."

"ಎಲ್ಲೈತೆ?" ಎಂದಳು ಅತ್ತೆ. ಗದರಲಿಲ್ಲ. ಗದರಿದ್ದರೆ ಕೋಮಲಾಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ರಸ್ತೆಯ ಹಳ್ಳಕ್ಕೆ ಕಾರು ಕುಲುಕಿದಾಗ ಗಾಜಿನ ಬಳೆಗಳು ಘಲ್ಲೆಂದವು. ಕೋಮಲಾ ತನ್ನ ಕೈ ನೋಡಿಕೊಂಡಳು. ಮಣಿಕಟ್ಟು ಊದಿದ್ದಕ್ಕೆ ಬೆಳಿಗ್ಗೆಯೇ ಬಳೆ ತೆಗೆದಿಟ್ಟಿದ್ದಳು. ವಿಧವೆ ಅತ್ತೆಯ ಕೈಯಂತೂ ಬರಿದು. ಮತ್ತೆ ಈ ಸದ್ದು...? ಹೊಟ್ಟೆಯೊಳಗಿನ ಕೂಸು ಒಮ್ಮೆ ಹೊರಳಿತು. ನಂಜುಂಡಪ್ಪ ಮಾತ್ರ ಖುಷಿಯಿಂದ ಗೇರು ಬದಲಿಸುತ್ತಿದ್ದ.

ಅಂದಿನಿಂದ ಅತ್ತೆಯದು ಒಂದೇ ಹಟ. "ಗಾಡಿ ಮಾರಿಬುಡು. ಹೆರಿಗೆ ಮನೇಲೇ ಆಗ್ಲಿ." ಮನೆಯಲ್ಲೇ ಹೆತ್ತವಳ ಗತಿ ಏನಾಯಿತೆಂದು ಕೋಮಲಾಳಿಗೆ ಗೊತ್ತಿಲ್ಲವೇ! ತಾನೂ ಆ ನಡುಮನೆಯಲ್ಲೇ ಉಸಿರು ಬಿಡಬೇಕೇ?

ಒಂದು ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ನಂಜುಂಡಪ್ಪ ಹೆಂಡತಿಯನ್ನು ತೋಳಲ್ಲಿ ಹಿಡಿದು ಅಂಗಳಕ್ಕೆ ತಂದರೆ, ಸಿದ್ದಗಂಗಮ್ಮ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಇದ್ರಲ್ಲಿ ಬ್ಯಾಡ ಕಣಪ್ಪ!"

"ಯಾಕವ್ವ? ಇವಳನ್ನೂ ಸಾಯಿಸ್ತೀಯಾ?"

ಆ ಮಾತಿಗೆ ಮುದುಕಿ ಕುಸಿದಳು. "ಅವತ್ತು ಗಾಡಿ ಬಂದಿತ್ತು ಕಣಪ್ಪ... ಇದೇ ಗಾಡಿ, ಬಾಗಿಲ ಮ್ಯಾಲೆ ಇದೇ ನೆಗ್ಗು! ಸೂಲಗಿತ್ತಿ ರಸ್ತೇಲಿ ಅಡ್ಡ ನಿಂತು ಕರ್ಕೊಂಡು ಬಂದಿದ್ಲು. ಕಂಡೋರ ಗಾಡೀಲಿ ನಮ್ಮನೆ ಸೊಸೆ ಹೋಗೋದಾ ಅಂತ... ಒಂದು ಕಾಲು ಒಳಗಿಟ್ಟಿದ್ದೋಳನ್ನ ನಾನೇ ಎಳೆದೆ. ಬಾಗಿಲು ಬುಡಲಿಲ್ಲ ಅವಳು... ಬಳೆಯೆಲ್ಲ ಒಡೆದೋದ್ವು... ಹತ್ತಿದೋಳು ಇನ್ನೂ ಇಳಿದಿಲ್ಲ ಕಣ್ಲಾ!"

ನಂಜುಂಡಪ್ಪ ಕಲ್ಲಾಗಿ ನಿಂತ. ಆರು ವರ್ಷದ ಸುಳ್ಳು! ಕೋಮಲಾಳೇ ಹಲ್ಲು ಕಚ್ಚಿ ನರಳಿದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ... ನನ್ನ ಎಳೀಬೇಡಿ... ಬಾಗಿಲು ಬುಡಿ!"

ಸಿದ್ದಗಂಗಮ್ಮ ಎದ್ದು ತಾನೇ ಬಾಗಿಲು ತೆಗೆದಳು. ಖಾಲಿ ಸೀಟಿನತ್ತ ಬಗ್ಗಿ ಕೈಮುಗಿದಳು. "ಗೌರಾ, ಇವಳನ್ನ ಕರ್ಕೊಂಡೋಗವ್ವ. ನಾನು ಹತ್ತಲ್ಲ."

ತಿಪಟೂರಿನ ದಾರಿಯುದ್ದಕ್ಕೂ ಕೋಮಲಾ ಕಣ್ಣು ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬಳೇ ಮಲಗಿದ್ದರೂ ತಲೆ ಯಾರದೋ ತೊಡೆಯ ಮೇಲಿತ್ತು. ನೋವು ಬಂದಾಗಲೆಲ್ಲ ತಣ್ಣನೆಯ ಅಂಗೈಯೊಂದು ಹಣೆ ಸವರುತ್ತಿತ್ತು. ಹೆದರಿಕೆಯಾಯಿತು ನಿಜ, ಆದರೆ ಆ ಕೈ ತೆಗೆಯಬೇಡ ಎಂದೇ ಅವಳು ಬೇಡಿಕೊಂಡಳು.

ಹೆಣ್ಣುಮಗು ಹುಟ್ಟಿತು. ಕಾರು ಮನೆಗೆ ಬಂದಾಗ ಸಿದ್ದಗಂಗಮ್ಮ ಓಡಿಬಂದು, ಮೊಮ್ಮಗಳಿಗಾಗಿ ಎರಡೂ ಕೈ ಚಾಚಿದಳು. ಮಗು ಕೋಮಲಾಳ ಮಡಿಲಿನಲ್ಲಿತ್ತು. ಆದರೆ ಮುದುಕಿ ನೋಡಿದ್ದು ಅವಳ ಪಕ್ಕದ ಖಾಲಿ ಜಾಗವನ್ನು.

"ಎತ್ಕೊಳ್ಲೇನವ್ವ?"

ಉತ್ತರ ಕೋಮಲಾಳಿಗೆ ಕೇಳಲಿಲ್ಲ. ಅತ್ತೆಗೆ ಕೇಳಿರಬೇಕು. ಚಾಚಿದ ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು. "ಆಯ್ತು ಬುಡು," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ನಡೆದಳು.

"ಅವ್ವ ಯಾರ ಜೊತೆ ಮಾತಾಡ್ತಿದ್ಲು?" ನಂಜುಂಡಪ್ಪ ಕೇಳಿದ.

ಕೋಮಲಾ ಮಗುವಿನ ಬಟ್ಟೆ ಸರಿಪಡಿಸಿದಳು.

"ಅಕ್ಕನ ಜೊತೆ ಕಣ್ರೀ."