ಜನವಸತಿ ಇಲ್ಲ

"ಬಾಲದ ತುದಿಗೆ ಕಾಲಿಡದೆ ಅದರ ಬಗ್ಗೆ ಒಂದಕ್ಷರಾನೂ ಬರೀಬೇಡಿ ಸಾಹೇಬ್ರೆ," ಎಂದಳು ದೋಣಿಯ ಮುದುಕಿ. "ನೋಡಿ ಬರೀರಿ. ಇಲ್ಲಾಂದ್ರೆ ಬರೀದೆ ಹೋಗಿ."

ಮೋಜಣಿದಾರ ನಕ್ಕುಬಿಟ್ಟ. ಇಪ್ಪತ್ತು ವರ್ಷ ಊರೂರು ಅಳೆದವನಿಗೆ ಇಂಥ ಮಾತು ಹೊಸದಲ್ಲ. "ಯಾಕಜ್ಜಿ, ಬರೆದ್ರೆ ಕೈ ಸೇದಿಹೋಗುತ್ತಾ?"

"ಕೈ ಉಳಿಯುತ್ತೆ," ಎಂದಳು. ಅವಳು ನಗಲಿಲ್ಲ.

ಆ ನಡುಗಡ್ಡೆ ಉದ್ದಕ್ಕೆ ಹನ್ನೊಂದು ಮೈಲಿ. ಹೊಳೆಗೆ ಎದುರಾದ ಮೇಲ್ತುದಿಯನ್ನು ಜನ ತಲೆ ಅನ್ನುತ್ತಿದ್ದರು, ಕೆಳತುದಿಯನ್ನು ಬಾಲ. ಹೊಳೆ ವರ್ಷವರ್ಷವೂ ತಲೆಯನ್ನು ಕೊರೆದು, ಆ ಮಣ್ಣನ್ನೇ ತಂದು ಬಾಲಕ್ಕೆ ಕೂಡಿಸುತ್ತಿತ್ತು. ಪೇಟೆ, ಶಾಲೆ, ಸರ್ಕಾರಿ ಬಿಡಾರ ಎಲ್ಲ ನಡುವಿನ ಗಟ್ಟಿ ನೆಲದಲ್ಲಿದ್ದವು. ತಲೆಯಲ್ಲಿ ಮನೆ ಕಳೆದುಕೊಂಡ ಬಡವರು ಮಾತ್ರ ತೊಲೆ, ಬಾಗಿಲು ಹೊತ್ತು ಬಾಲದ ಹೊಸ ಮಣ್ಣಿಗೆ ಹೋಗಿ ಸೂರು ಕಟ್ಟಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಮೇಲೆಲ್ಲೋ ಮೂರು ದಿನದಿಂದ ಮಳೆ ಹಿಡಿದಿತ್ತು. ನೆರೆ ಬಂದರೆ ಜನರನ್ನು ಕರೆತರುವ ಲಾಂಚಿಗೆ ಮಧ್ಯಾಹ್ನದೊಳಗೆ ಹೊಸ ನಕ್ಷೆ ಬೇಕಿತ್ತು. ಬಾಲಕ್ಕೋ ಕೆಸರಿನಲ್ಲಿ ಮೂರು ಮೈಲಿ ನಡಿಗೆ. ಮೋಜಣಿದಾರ ಅದರ ಗೋಜಿಗೇ ಹೋಗಲಿಲ್ಲ. ಬಿಡಾರದ ಮೇಜಿನ ಮೇಲೆ ಮೂವತ್ತು ವರ್ಷದ ಹಳೆಯ ನಕ್ಷೆ ಹರಡಿ, ಮೇಲೆ ತೆಳು ಕಾಗದ ಹಾಸಿ ಗೆರೆ ಎಳೆದ. ಅದು ಅವನ ಅಪ್ಪ ಮಾಡಿದ ನಕ್ಷೆ. ಕಚೇರಿಯವರು ಕಣ್ಣುಮುಚ್ಚಿ ನಂಬುತ್ತಿದ್ದ ನಕ್ಷೆ. ಮಗನಿಗೆ ಆ ಹೆಮ್ಮೆ ತಲೆಗೇರಿತ್ತು. ಬಾಲದ ಜಾಗದಲ್ಲಿ ಅಪ್ಪ ದುಂಡಗೆ ಬರೆದಿದ್ದ: ಜನವಸತಿ ಇಲ್ಲ. ಮಗನೂ ಅದನ್ನೇ ಬರೆದ.

ಶಾಯಿ ಆರುವ ಮೊದಲೇ ಕೋಣೆಯಲ್ಲಿ ಕೊಳೆತ ಕೆಸರಿನ ವಾಸನೆ ಎದ್ದಿತು. ಕಿಟಕಿಯಾಚೆ ಬೆಳಕಿತ್ತು. ಮೇಜಿನಡಿ ಮಾತ್ರ ಕತ್ತಲು ನೀರಿನ ಹಾಗೆ ನಿಂತಿತ್ತು.

"ಊಟ ತಂದಿಡಪ್ಪಾ," ಎಂದು ಕೂಗಿದ. ಅಡುಗೆಯವನು ಬಂದು ಖಾಲಿ ಕೋಣೆ ನೋಡುವವನಂತೆ ಸುತ್ತ ನೋಡಿದ. ಫ್ಯಾನ್ ಆರಿಸಿದ. ನಕ್ಷೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಲಾಂಚಿಗೆ ಕೊಡಲು ಹೊರಟುಹೋದ. ಅಡ್ಡ ನಿಂತ ಮೋಜಣಿದಾರನ ಮೈಯೊಳಗಿಂದಲೇ ಹಾದುಹೋದ.

ಮೋಜಣಿದಾರ ಮನೆಗೆ ಫೋನ್ ಮಾಡಿದ. ಮಗಳು ಎತ್ತಿದಳು.

"ಪುಟ್ಟೀ, ನಾನು ಕಣೇ, ಅಪ್ಪ."

"ಅಮ್ಮಾ, ಯಾರೂ ಮಾತಾಡ್ತಿಲ್ಲ. ಬರೀ ನೀರು ಹರಿಯೋ ಸದ್ದು."

ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು. "ಇಡು ಮಗಾ. ನಿಂಗೂ ನಂಗೂ ಫೋನ್ ಮಾಡೋರು ಯಾರಿದಾರೆ?"

ಅವನು ಫೋನ್ ಅಲ್ಲೇ ಬಿಟ್ಟು ಎದ್ದ. ದೋಣಿಕಟ್ಟೆಗೆ ಓಡಿದ. ದಾರಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಮುದುಕಿ ಒಬ್ಬಳೇ ತಲೆಯೆತ್ತಿದಳು. ಅವಳ ಮಡಿಲಲ್ಲಿ ತುಕ್ಕು ಹಿಡಿದ ಅಳತೆಯ ಸರಪಳಿಯಿತ್ತು. ಕೊಂಡಿ ಕೊಂಡಿಗೂ ಕೂದಲ ಗಂಟು.

"ಇದು ನಿನ್ನಪ್ಪ ಬಿಟ್ಟು ಓಡಿದ್ದು," ಎಂದಳು. ಬೆಳಗಿನ ಬಹುವಚನ ಈಗಿರಲಿಲ್ಲ. "ಅವನೂ ಬಿಡಾರದಲ್ಲೇ ಕೂತು ಬರೆದ. ನೆರೆ ಬಂತು. ಲಾಂಚಿನೋರು ನಕ್ಷೆ ನೋಡಿ ತಿರುಗಿ ಹೋದ್ರು. ನಲವತ್ತೊಂದು ಮನೆ. ಅದ್ರಲ್ಲಿ ಒಂದು ನಂದು, ಇಬ್ರು ಮಕ್ಕಳು. ಸಿಕ್ಕಿದ ಹೆಣಗಳ ಕೂದಲೆಲ್ಲ ಇದಕ್ಕೇ ಕಟ್ಟಿದೀನಿ. ನೋಡದೇನೇ 'ಇಲ್ಲ' ಅಂತ ಬರೆದೋನು ಇಲ್ಲವಾಗ್ಲಿ ಅಂತ. ನಿನ್ನಪ್ಪ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. ತಪ್ಪಿಸ್ಕೊಂಡ."

"ಅಜ್ಜೀ, ನಂಗೊಬ್ಳು ಮಗಳಿದಾಳೆ. ಬಿಡ್ಸು. ನಿನ್ನ ಕಾಲಿಗೆ ಬೀಳ್ತೀನಿ."

"ಹೋಗು. ಹೋಗಿ ಎಣಿಸು."

ಎಣಿಸಿದರೆ ಬಿಡುತ್ತೀಯಾ ಎಂದ. ಉತ್ತರಕ್ಕೆ ನಿಲ್ಲದೆ ಬಾಲದ ಕಡೆ ಓಡಿದ.

ಬಾಲದಲ್ಲಿ ಮನೆಗಳಿರಲಿಲ್ಲ. ಕೆಸರಿನಿಂದ ಹೊಸ್ತಿಲುಗಳು ಎದ್ದಿದ್ದವು. ಒಂದು. ಎರಡು. ಪ್ರತಿ ಹೊಸ್ತಿಲ ಹಿಂದೆಯೂ ಯಾರೋ ಉಸಿರು ಬಿಗಿಹಿಡಿದಿದ್ದರು. ಹತ್ತು. ಒದ್ದೆ ಕೂದಲ ವಾಸನೆ. ಇಪ್ಪತ್ತು. ಎಲ್ಲೋ ಮಗುವೊಂದು ಕೆಮ್ಮಿತು. ನಲವತ್ತು. ನಲವತ್ತೊಂದು. ಮುಗಿಯಿತು. ಬದುಕಿದೆ ಎಂದುಕೊಂಡ. ಅದರಾಚೆ ಇನ್ನೊಂದು ಕಂಡಿತು. ಹೊಸ ಮರದ್ದು. ಕೆಸರು ತಾಕದ್ದು. ತಾನೇ ತಾನಾಗಿ ಅವನ ಕಾಲು ಅದನ್ನು ದಾಟಿತು.

ಹೊಳೆ ಏರಿತು. ಕಣಕಾಲು. ಮೊಣಕಾಲು. ಸೊಂಟ. ಕಾಲು ಕೀಳಲಾಗಲಿಲ್ಲ. ಸಣ್ಣ ಕೈಗಳೆರಡು ಅವನ ಪಾದ ಹಿಡಿದಿದ್ದವು.

ಆಗ ಲಾಂಚ್ ಬಂತು. ಒಳಗೆ ಚಾಲಕ, ಗುಮಾಸ್ತ, ದಾರಿ ತೋರಲು ಮುದುಕಿ. ಮೋಜಣಿದಾರ ಅಂಗಿ ಬಿಚ್ಚಿ ಬೀಸಿದ. ಗಂಟಲು ಹರಿಯುವಂತೆ ಕಿರುಚಿದ.

"ಈ ತುದೀಲಿ ಜನ ಇದಾರಾ?" ಎಂದ ಚಾಲಕ.

ಗುಮಾಸ್ತ ನಕ್ಷೆ ಬಿಚ್ಚಿದ. "ಇಲ್ಲ ಅಂತಿದೆ. ಯಾರು ಬರೆದ್ರೋ, ಸಹೀನೇ ಇಲ್ಲ. ಅಕ್ಷರ ಮಾತ್ರ ಮುತ್ತಿನ ಹಾಗಿದೆ."

"ಅಜ್ಜೀ, ನೀವೇನಂತೀರಿ?"

ಮುದುಕಿ ಮೋಜಣಿದಾರನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನೀರು ಅವನ ಗದ್ದಕ್ಕೆ ಬಂದಿತ್ತು.

"ಯಾರೂ ಇಲ್ಲ ಮಗಾ," ಎಂದಳು. "ತಿರುಗಿಸು."