ನಾಲ್ಕನೆಯ ಪೈಪಿನ ಕೆಸರು

"ಅಕ್ಕೋರೆ, ನನ್ನ ಸಮುದ್ರಾನ ಯಾರೋ ಹಿಂದುಮುಂದು ಮಾಡಿಟ್ಟಾರೆ."

ಬಾಗಿಲಲ್ಲಿ ನಿಂತು ಸಮೀನಾ ಆಡಿದ ಮೊದಲ ಮಾತು ಇದು. ಬೆಳಗಿನ ಒಂಬತ್ತು ಗಂಟೆ. ಶಮ್ಸುನ್ನಿಸಾ ಅಕ್ಕೋರು ಜಗಲಿಯಲ್ಲಿ ಕೂತು ಮುರುಗಲು ಸಿಪ್ಪೆಯನ್ನು ನೀರಿನಲ್ಲಿ ಕಿವುಚುತ್ತಿದ್ದರು. ನಾನು ಮೆಟ್ಟಿಲ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಹುಡುಗಿಯ ಮುಖ ನೋಡಿ ಎಲೆಯನ್ನು ಹಾಗೇ ಮಡಿಸಿ ಕಿಸೆಗೆ ಹಾಕಿಕೊಂಡೆ.

ಅಕ್ಕೋರು ಯಲ್ಲಾಪುರದಲ್ಲಿ ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಊರಲ್ಲಿ ಏನು ಕಳೆದರೂ ಜನ ಮೊದಲು ಅವರ ಜಗಲಿಗೆ ಬರುತ್ತಾರೆ, ಆಮೇಲೆ ಠಾಣೆಗೆ. ನಾನು ಕೆರಿಯ. ಲಾರಿ ಸಾಮಾನು ಹತ್ತಿಸಿ ಇಳಿಸಿ ಮುದುಕನಾದವನು. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟೆ. ಚೀಟಿ ಓದಲು ಬಾರದ ನಾವು ಹಮಾಲರು ಯಾವ ಮೂಟೆ ಯಾವುದೆಂದು ನಮ್ಮದೇ ಗುರುತಿನಿಂದ ನೆನಪಿಡುತ್ತಿದ್ದೆವು. ಹಾಗಾಗಿ ನೆನಪು ಮಾತ್ರ ಗಟ್ಟಿ. ಅಕ್ಕೋರು ಯಾವ ಗಂಟು ಬಿಚ್ಚಲು ಹೋದರೂ ನಾನು ಹಿಂದೆ ಇರುತ್ತೇನೆ.

"ಕೂತ್ಕೊ ಬೇಟಿ. ಮೊದಲಿಂದ ಹೇಳು," ಎಂದರು ಅಕ್ಕೋರು.

ಸಮೀನಾ ಅವರ ಶಿಷ್ಯೆ. ಈಗ ಕಡಲ ವಿಜ್ಞಾನಿ. ಹಡಗಿನಲ್ಲಿ ಹೋಗಿ ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಆರು ಮೀಟರ್ ಕೆಸರನ್ನು ಎತ್ತಿ ತಂದಿದ್ದಳು. ಅದನ್ನು ಮೀಟರಿಗೊಂದರಂತೆ ಕತ್ತರಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ ಟೇಪು ಸುತ್ತಿ, ಒಳಗಿನ ಕೆಸರು ಕಾಣುವಂಥ ಆರು ಪಾರದರ್ಶಕ ಪೈಪು ಮಾಡಿದ್ದಳು. ಅದನ್ನು ಹುಬ್ಬಳ್ಳಿಯ ಪ್ರಯೋಗಾಲಯಕ್ಕೆ ಒಯ್ಯುವಾಗ ಅರಬೈಲು ಘಟ್ಟ ಹತ್ತುತ್ತಲೇ ವ್ಯಾನಿನ ತಂಪು ಯಂತ್ರ ಕೈಕೊಟ್ಟಿತು. ಹಿಂದಿನ ದಿನ ಸಂಜೆ ಅವನ್ನೆಲ್ಲ ಹೆದ್ದಾರಿಯ ಬದಿಯ ಉಲ್ಲಾಸನ ತರಕಾರಿ ಶೀತಕೋಣೆಯಲ್ಲಿ ಇಟ್ಟಿದ್ದರು. ಕೂಲಿಗೆ ಕರೆಸಿದ್ದು ನನ್ನನ್ನೇ.

"ಕೆಸರು ಮೇಲಿಂದ ಕೆಳಗೆ ಹೋದಂಗೆ ಹಳೇದು," ಎಂದಳು ಸಮೀನಾ. "ಆರನೇ ಪೈಪಿನ ತಳ ನಲವತ್ತು ಸಾವಿರ ವರ್ಷದ್ದು. ಅದರಲ್ಲಿ ರವೆಯಷ್ಟು ಸಣ್ಣ ಚಿಪ್ಪು ಇರ್ತಾವೆ, ನೀರಲ್ಲಿ ತೇಲಿ ಬದುಕಿದ ಜೀವಿಗಳದ್ದು. ಚಿಪ್ಪು ಕಟ್ಟುವಾಗ ಎಷ್ಟು ಮೆಗ್ನೀಸಿಯಂ ಸೇರ್ತು ಅಂತ ಅಳೆದರೆ ಆಗಿನ ಸಮುದ್ರ ಎಷ್ಟು ಬೆಚ್ಚಗಿತ್ತು ಅಂತ ಗೊತ್ತಾಗುತ್ತೆ. ಹಿಮಯುಗದ ಕಡು ಚಳಿಯ ಭಾಗ ಇರೋದು ನಾಲ್ಕನೇ ಪೈಪಲ್ಲಿ."

"ಅದು ಕಳೀತಾ?"

"ಇಲ್ಲ. ಆರೂ ಇದಾವೆ. ಆದರೆ ಹಡಗಲ್ಲಿ ಕತ್ತರಿಸುವಾಗ ಮೂರು ಮತ್ತು ನಾಲ್ಕರ ನಡುವೆ ಒಂದು ಕಪ್ಪು ಪಟ್ಟಿ ತುಂಡಾಗಿತ್ತು. ಮೂರರ ತಳದಲ್ಲಿ ಅರ್ಧ, ನಾಲ್ಕರ ತಲೆಯಲ್ಲಿ ಅರ್ಧ. ಇವತ್ತು ನೋಡಿದರೆ ನಾಲ್ಕರಲ್ಲಿ ಆ ಪಟ್ಟಿ ಇಲ್ಲ. ಐದರಲ್ಲಿದೆ."

"ಪೈಪಿನ ಮೇಲೆ ನಂಬರು?"

ಸಮೀನಾ ತಲೆ ತಗ್ಗಿಸಿದಳು. "ಮೇಲಿನ ಮುಚ್ಚಳದ ಮೇಲೆ ಮಾತ್ರ. ಪೈಪಿನ ಮೈಮೇಲೂ ಬರೀಬೇಕಿತ್ತು. ಆ ದಿನ ಅಲೆ ಜೋರಿತ್ತು. ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ವಾಂತಿ ಬಕೆಟ್ಟು. ಫೋಟೋನೂ ತೆಗೀಲಿಲ್ಲ. ಈಗ ಗೋವಿಂದ ಸರ್ ಹೇಳ್ತಾರೆ, ಹಡಗಲ್ಲೇ ನೀನು ಮುಚ್ಚಳ ತಪ್ಪು ಹಾಕಿದೀಯ ಅಂತ. ಹಾಗಾದರೆ ಯಾವ ಪೈಪಿನ ನಂಬರನ್ನೂ ನಂಬಂಗಿಲ್ಲ. ಸಂಜೆ ನಾಲ್ಕಕ್ಕೆ ಹುಬ್ಬಳ್ಳಿಯಲ್ಲಿ ಹಿರಿಯ ವಿಜ್ಞಾನಿಗಳ ಸಮಿತಿ ಕೂರುತ್ತೆ. ಈ ಕೆಸರನ್ನು ಕೈಬಿಡ್ತಾರೆ. ಎಂಟು ವರ್ಷದ ಕೆಲಸ, ಅಕ್ಕೋರೆ."

"ಬೇರೆ ವ್ಯಾನು ಯಾವಾಗ ಬರ್ತದೆ?"

"ಹನ್ನೆರಡಕ್ಕೆ."

ಅಕ್ಕೋರು ಎದ್ದರು. ಮುರುಗಲು ಹುಳಿಯನ್ನು ಬಾಟಲಿಗೆ ಸೋಸಿಕೊಂಡು ಚೀಲಕ್ಕೆ ಹಾಕಿಕೊಂಡರು. ಬಾಯಾರಿಕೆಗೆ ಅಂದುಕೊಂಡೆ.

ಶೀತಕೋಣೆಯ ಮುಂದೆ ಮೂವರು ಕಾಯುತ್ತಿದ್ದರು. ಕೋಣೆಯ ಯಜಮಾನ ಉಲ್ಲಾಸ, ವ್ಯಾನಿನ ಚಾಲಕ ಅಜರ್, ಮತ್ತು ಡಾಕ್ಟರ್ ಗೋವಿಂದ. ಗೋವಿಂದ ಸಮೀನಾಳಿಗಿಂತ ಹಿರಿಯ ವಿಜ್ಞಾನಿ. ತನ್ನ ಕಾರಿನಲ್ಲಿ ವ್ಯಾನಿನ ಹಿಂದೆಯೇ ಬಂದಿದ್ದ. ಬಿಳಿ ಅಂಗಿ, ಮೆತ್ತನೆಯ ಮಾತು.

"ನಿನ್ನೆ ಸಾಮಾನು ಇಳಿಸಿದ ಮೇಲೆ ಒಳಗೆ ಯಾರು ಹೋಗಿದ್ರಿ?" ಅಕ್ಕೋರು ಕೇಳಿದರು.

ಅಜರ್ ಮೊದಲು ಬಾಯಿಬಿಟ್ಟ. "ನಾ ಹೋಗಿದ್ದೆ ರಿ. ನೀರಿನ ಬಾಟ್ಲಿ ಮರ್ತಿದ್ದೆ. ಹೋದೆ, ಬಂದೆ. ಆಮ್ಯಾಗ ಸಮೀನಾ ಮೇಡಂರನ್ನ ಕೂಡಿಸ್ಕೊಂಡು ಗಾಡಿ ತಗೊಂಡು ಗ್ಯಾರೇಜಿಗೆ ಹೋದೆ."

"ಕೋಟು ಹಾಕ್ಕೊಂಡಿದ್ಯಾ?" ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ದಪ್ಪ ಕೋಟು ನೇತಾಡುತ್ತಿತ್ತು.

"ಬಾಟ್ಲಿ ತರಾಕ ಕೋಟು ಯಾಕ್ರಿ? ಮದ್ವಿ ಐತೇನು ಒಳಗ?"

ಉಲ್ಲಾಸ ನಕ್ಕ. "ನಾನೂ ಹಾಕಲ್ಲ ಅಕ್ಕೋರೆ. ಗಜ್ಜರಿ ಚೀಲ ಇಟ್ಟು ಓಡಿ ಬಂದೆ. ತಾಸುಗಟ್ಟಲೆ ಕೆಲ್ಸ ಇದ್ರೆ ಮಾತ್ರ ಅದು. ಮೊನ್ನೆ ಒಗೆಸಿ ತೂಗು ಹಾಕಿದ್ದು ಹಂಗೇ ಅದೆ. ಆರು ಗಂಟೆಗೆ ನಾನೇ ಬೀಗ ಹಾಕ್ದೆ. ಬೆಳಿಗ್ಗೆ ಸಮೀನಾ ಬಂದ ಮೇಲೇ ತೆಗ್ದೆ. ಚಾವಿ ನನ್ ಸೊಂಟ ಬಿಟ್ಟಿಲ್ಲ."

"ನಾನೂ ಹೋಗಿದ್ದೆ," ಎಂದ ಗೋವಿಂದ. "ಒಂದು ನಿಮಿಷ. ಸಮೀನಾ ತಂದ ಹೊಸ ತಾಪಮಾಪಕ ಶುರು ಮಾಡಿ ಗೋಡೆಗೆ ತೂಗುಹಾಕಿ ಬಂದೆ. ಒಂದು ನಿಮಿಷಕ್ಕೆ ಕೋಟು ಯಾರಿಗೆ ಬೇಕು? ತಾಯಿ, ತಪ್ಪು ಯಾರಿಂದಲೂ ಆಗುತ್ತದೆ. ಸಮೀನಾ ಹುಬ್ಬಳ್ಳಿಗೆ ಫೋನ್ ಮಾಡಿ ಈ ಕೆಸರನ್ನು ತಾನೇ ಹಿಂತೆಗೆದುಕೊಂಡರೆ ಮರ್ಯಾದೆ ಉಳಿಯುತ್ತದೆ."

"ಕಪ್ಪು ಪಟ್ಟಿ ಕೂಡಿಸಿ ನೋಡಿದರೆ ಯಾವುದು ಯಾವುದರ ಕೆಳಗೆ ಅಂತ ಗೊತ್ತಾಗಲ್ವಾ?"

"ಕಪ್ಪು ಪಟ್ಟಿ ಹತ್ತಾರು ಇರುತ್ತವೆ. ತನಗೆ ಬೇಕಾದ ಹಾಗೆ ಜೋಡಿಸಿಕೊಂಡಳು ಅನ್ನುತ್ತಾರೆ."

ಅಕ್ಕೋರು ಕೋಟಿನ ಹತ್ತಿರ ಹೋದರು. ತೋಳಿನ ಅಂಚು ತಿರುಗಿಸಿ ಬೂದು ಕಲೆಯೊಂದನ್ನು ನೋಡಿದರು. ಕಿಸೆಗೆ ಕೈ ಹಾಕಿ ಒಂದು ಸಣ್ಣ ಕೆಂಪು ಪ್ಲಾಸ್ಟಿಕ್ ಪಟ್ಟಿ ತೆಗೆದು ಮುಷ್ಟಿಯಲ್ಲಿಟ್ಟುಕೊಂಡರು. ಆಮೇಲೆ ಸಮೀನಾಳನ್ನೂ ನನ್ನನ್ನೂ ಕರೆದುಕೊಂಡು ಒಳಗೆ ಹೋದರು.

"ಬೇಟಿ, ಈ ತಾಪಮಾಪಕ ಶುರು ಮಾಡೋದು ಹ್ಯಾಂಗೆ?"

"ಹಿಂದೆ ಒಂದು ಪಟ್ಟಿ ಇರುತ್ತೆ. ಅದನ್ನ ಎಳೆದು ತೆಗೆದರೆ ಬ್ಯಾಟರಿ ಕೂಡುತ್ತೆ."

"ಮುಚ್ಚಳ ಬಿಚ್ಚಿ ಹಾಕೋಕೆ ಎಷ್ಟು ಹೊತ್ತು?"

"ಟೇಪು ಚಳಿಗೆ ಬಿಗಿದಿರುತ್ತೆ. ಎರಡಕ್ಕೆ ಅರ್ಧ ತಾಸಾದರೂ ಬೇಕು."

"ಹಂಗಾದರೆ ಕೈಗೆ, ಪೈಪಿಗೆ ಕೆಸರು ತಾಗಿರ್ಬೇಕು. ನಿನ್ನ ಕೆಸರಲ್ಲಿ ಚಿಪ್ಪು ಅಂದ್ಯಲ್ಲ, ಹುಳಿ ಬಿದ್ರೆ ನೊರೆ ಬರ್ತದೋ ಇಲ್ವೋ?"

ಸಮೀನಾ ಕಣ್ಣರಳಿಸಿದಳು. "ಬರುತ್ತೆ, ಅಕ್ಕೋರೆ. ಊರ ಕೆಂಪು ಮಣ್ಣಿಗೆ ಬರಲ್ಲ."

ಅಕ್ಕೋರು ಮೊದಲನೆಯ ಪೈಪನ್ನು ಹಲಗೆಯ ಮೇಲೆ ಹೊರಳಿಸಿದರು. ಅಡಿಭಾಗದಲ್ಲಿ, ಮುಚ್ಚಳದಿಂದ ಒಂದು ಬೆರಳು ಆಚೆ, ಬೆಳ್ಳನೆಯ ಚುಕ್ಕೆ. ಅದರ ಮೇಲೆ ಒಂದು ಹನಿ ಮುರುಗಲು ಹುಳಿ ಬಿಟ್ಟರು. ಚುಕ್ಕೆ ಚುರ್ರೆಂದು ನೊರೆಯಾಗಿ ಕರಗಿತು. ಸಮೀನಾ ಭೂತಗನ್ನಡಿ ಹಿಡಿದು ಬಗ್ಗಿದಳು. "ಇದರಲ್ಲಿ ಚಿಪ್ಪಿಲ್ಲ. ಕೆಸರಲ್ಲ ಇದು."

ಅಕ್ಕೋರು ಎರಡನೆಯದನ್ನು ಹೊರಳಿಸಿದರು. ಎರಡು ಚುಕ್ಕೆ. ಮೂರನೆಯದಕ್ಕೆ ಮೂರು. ಅವರು ಬಾಟಲಿಯ ಮುಚ್ಚಳ ತಿರುಪಿ ಮುಚ್ಚಿ ನಿಧಾನಕ್ಕೆ ನನ್ನ ಕಡೆ ತಿರುಗಿದರು. ನಾನು ಕಿಸೆಯಲ್ಲಿದ್ದ ಸುಣ್ಣದ ಡಬ್ಬಿಯ ಮೇಲೆ ಕೈ ಮುಚ್ಚಿಕೊಂಡೆ.

"ಕೆರಿಯಣ್ಣ, ಇದು ನಿನ್ನದೇ ಸುಣ್ಣ ಅಲ್ವೇನೋ?"

"ಹೌದ್ರಾ," ಎಂದೆ. "ಪೈಪಿಗೆ ಯಾರೂ ಏನೂ ಮೆತ್ತಬೇಡಿ ಅಂತ ಹೇಳಿದ್ರು. ಕೈ ಕೇಳ್ಳಿಲ್ಲ. ನಲವತ್ತು ವರ್ಷದ ಚಾಳಿ. ಬಯ್ತಾರೆ ಅಂತ ಬೊಟ್ಟು ಕೆಳಗೆ ಮಾಡಿ ಇಟ್ಟೆ."

"ಯಾವ ಲೆಕ್ಕದಲ್ಲಿ ಇಟ್ಟೆ?"

"ಈ ತಂಗಿ ವ್ಯಾನಿಂದ ಮುಚ್ಚಳ ನೋಡಿ 'ಒಂದು, ಎರಡು' ಅಂತ ಕೂಗಿ ಕೊಡ್ತು. ಒಂದು ಅಂದ್ರೆ ಒಂದು ಬೊಟ್ಟು, ನಾಲ್ಕು ಅಂದ್ರೆ ನಾಲ್ಕು."

ಸಮೀನಾ ನಾಲ್ಕೆಂದು ಬರೆದ ಪೈಪನ್ನು ಹೊರಳಿಸಿದಳು. ಮೂವರೂ ಒಟ್ಟಿಗೆ ಎಣಿಸಿದೆವು.

ಐದು ಬೊಟ್ಟು.

ಹನ್ನೊಂದೂವರೆಗೆ ಅಕ್ಕೋರು ಎಲ್ಲರನ್ನೂ ತರಕಾರಿ ಬುಟ್ಟಿಗಳ ನಡುವೆ ಕೂರಿಸಿದರು. ತಾವು ಮಾತ್ರ ಕ್ಲಾಸಿನಲ್ಲಿ ನಿಂತ ಹಾಗೆ ನಿಂತರು.

"ಮೊದಲ ಪ್ರಶ್ನೆ, ತಪ್ಪಾಗಿದ್ದು ಹಡಗಲ್ಲೋ, ಇಲ್ಲೋ? ನಿನ್ನೆ ಸಮೀನಾ ನಾಲ್ಕು ಅಂತ ಕೂಗಿ ಕೊಟ್ಟ ಪೈಪಿಗೆ ಕೆರಿಯಣ್ಣ ನಾಲ್ಕು ಬೊಟ್ಟು ಇಟ್ಟ. ಅದರ ಮೇಲೆ ಈಗ ಐದನೇ ಮುಚ್ಚಳ ಕೂತಿದೆ. ಮುಚ್ಚಳ ತಾನಾಗಿ ನಡೆಯಲ್ಲ. ಅಜರ್, ಉಲ್ಲಾಸ, ಅವಳು ಕೂಗಿದ್ದು ನಿಮಗೆ ಕೇಳಿಸಿತ್ತಾ?"

"ನಮಗೇನ್ರಿ, ಗ್ಯಾರೇಜಿನ ತನಕ ಕೇಳಿಸಿರ್ಬೇಕು," ಎಂದ ಅಜರ್.

"ಹಾಗಾದರೆ ಬದಲಾದದ್ದು ಈ ಕೋಣೆಯಲ್ಲೇ, ಆರು ಗಂಟೆಯ ಒಳಗೆ. ಎರಡನೇದು, ಅರ್ಧ ತಾಸಿನ ಕೆಲಸ. ಈ ಚಳಿಯಲ್ಲಿ ಅಷ್ಟು ಹೊತ್ತು ನಿಲ್ಲೋಕೆ ಕೋಟು ಬೇಕೇ ಬೇಕು. ಒಗೆದ ಕೋಟಿನ ತೋಳಿಗೆ ಬೂದು ಕಲೆ ಬಂದಿದೆ. ಹುಳಿ ಹಾಕಿದೆ, ನೊರೆ ಬಂತು. ಸುಣ್ಣವೂ ನೊರೆ ಕೊಡ್ತದೆ ಅಂತ ಆಗಷ್ಟೇ ಕಲಿತಿದ್ದೆ. ಅದಕ್ಕೇ ಸಮೀನಾಗೆ ಭೂತಗನ್ನಡಿಯಲ್ಲಿ ನೋಡು ಅಂದೆ."

"ಚಿಪ್ಪಿದೆ," ಎಂದಳು ಸಮೀನಾ. "ನನ್ನ ಕೆಸರಿನದೇ."

"ಕೋಟು ಯಾರಾದರೂ ಹಾಕಿರಬಹುದು," ಎಂದ ಗೋವಿಂದ. ದನಿ ಮೆತ್ತಗೇ ಇತ್ತು.

ಅಕ್ಕೋರು ಮುಷ್ಟಿ ಬಿಚ್ಚಿದರು. "ಇದು ಕೋಟಿನ ಕಿಸೆಯಲ್ಲಿತ್ತು. ತಾಪಮಾಪಕದ ಪಟ್ಟಿ. ಗೋಡೆಯ ಮೇಲಿನ ಯಂತ್ರದ ಸಂದಿಗೆ ಸೇರಿಸಿ ನೋಡಿದೆ, ಸರಿಯಾಗಿ ಕೂರ್ತು. ಯಂತ್ರ ಶುರು ಮಾಡಿದ್ದು ನೀವೇ ಅಂದ್ರಿ, ಅಂದರೆ ಇದನ್ನ ಎಳೆದದ್ದೂ ನೀವೇ. ಎಳೆದಾಗ ನಿಮ್ಮ ಮೈಮೇಲೆ ಈ ಕೋಟು ಇಲ್ಲದಿದ್ದರೆ ಅದರ ಕಿಸೆಗೆ ಇದು ಹ್ಯಾಂಗೆ ಬಂತು, ಸರ್? ಕಸ ನೆಲಕ್ಕೆ ಎಸೆಯದ ಒಳ್ಳೆ ಅಭ್ಯಾಸ ನಿಮಗೆ. ಯಾರೋ ಚಲೋ ಮಾಸ್ತರು ಕಲಿಸಿದ್ದು."

ಗೋವಿಂದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮತ್ತೆ ಅಕ್ಕೋರ ಅಂಗೈಯಲ್ಲೇ ಇಟ್ಟ.

"ಯಾಕೆ ಸರ್?" ಸಮೀನಾ ಕೇಳಿದಳು.

"ಹಿಮಯುಗದಲ್ಲೂ ನಮ್ಮ ಸಮುದ್ರ ತಣ್ಣಗಾಗಿರಲಿಲ್ಲ ಅಂತ ಹದಿನೈದು ವರ್ಷದಿಂದ ಬರೆದೆ, ಪಾಠ ಹೇಳಿದೆ. ಹಡಗಲ್ಲಿ ಕತ್ತರಿಸುವಾಗ ಸಿಕ್ಕ ಚೂರಿನ ಮೇಲೆ ನೀನು ಮಾಡಿದ ಮೊದಲ ಅಳತೆ ನೋಡಿದೆ. ಮೂರು ಡಿಗ್ರಿ ತಣ್ಣಗಾಗಿತ್ತು." ಅವನ ದನಿ ಇಳಿಯಿತು. "ಕೆಸರು ಹಾಳು ಮಾಡಲು ಮನಸ್ಸು ಬರಲಿಲ್ಲ. ನಂಬಿಕೆ ಹೋದರೆ ಸಾಕಿತ್ತು."

ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಸಮೀನಾ ಮುಚ್ಚಳಗಳನ್ನು ಮುಟ್ಟಲಿಲ್ಲ. ಪೈಪುಗಳನ್ನು ಇದ್ದಂತೆಯೇ ಬೊಟ್ಟಿನ ಸಮೇತ ಫೋಟೋ ತೆಗೆದಳು. ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದಳು. ಗೋವಿಂದನೂ ಹಾಕಿದ. ಸಾಕ್ಷಿಯ ಜಾಗದಲ್ಲಿ ಮೊದಲ ಹೆಸರು ನನ್ನದು. ಸಹಿ ಮಾಡಲು ಪೆನ್ನು ಹಿಡಿದರೆ ಕೈ ಮತ್ತೆ ಕೇಳಲಿಲ್ಲ. ಹೆಸರಿನ ಪಕ್ಕ ಒಂದು ಸುಣ್ಣದ ಬೊಟ್ಟನ್ನೂ ಇಟ್ಟೆ. ಸಮೀನಾ ಒರೆಸಲು ಬಿಡಲಿಲ್ಲ.

ಸಮಿತಿಯವರು ಕೆಸರನ್ನು ಒಪ್ಪಿಕೊಂಡರು. ಮಳೆಗಾಲ ಕಳೆದ ಮೇಲೆ ಅವಳು ಮತ್ತೆ ಹಡಗು ಹತ್ತಿದಳು. ಒಂದು ಮಧ್ಯಾಹ್ನ ಅಕ್ಕೋರು ತಮ್ಮ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಹಿಂದೆ ನೀಲಿ ಸಮುದ್ರ, ಮುಂದೆ ಸಾಲಾಗಿ ಹೊಸ ಪೈಪುಗಳು. ಮುಚ್ಚಳದ ಮೇಲೂ ನಂಬರು, ಮೈಮೇಲೂ ನಂಬರು. ಅದರ ಕೆಳಗೆ ಬೆಳ್ಳಗೆ ಒಂದು ಬೊಟ್ಟು, ಎರಡು ಬೊಟ್ಟು, ಮೂರು ಬೊಟ್ಟು.

"ಎಲೆ ಹಾಕದ ಹುಡುಗಿ ಸುಣ್ಣ ಎಲ್ಲಿಂದ ತಂದ್ಲೋ," ಎಂದರು ಅಕ್ಕೋರು.

ನಾನು ಕಿಸೆ ಮುಟ್ಟಿ ನೋಡಿಕೊಂಡೆ. ನನ್ನ ಹಳೆಯ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಅವಳ ಚೀಲಕ್ಕೆ ಹಾಕಿದ್ದನ್ನು ನಾನು ಅಕ್ಕೋರಿಗೂ ಹೇಳಿರಲಿಲ್ಲ.