ಆಕ್ಷೇಪಣೆ ಇದ್ದವರು ಹೇಳಬಹುದು

ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಬಸ್ಸು ಹತ್ತಿದರೆ ಪಟಾನ್‌ಚೆರು ಬರುವವರೆಗೆ ಕಣ್ಣು ಮುಚ್ಚಿಕೊಂಡಿರುವುದು ಸಾಲೋಮಿಯ ರೂಢಿ. ನಿದ್ದೆ ಬರುತ್ತದೆ ಎಂದಲ್ಲ. ಕಣ್ಣು ಮುಚ್ಚಿದ ಹೆಂಗಸನ್ನು ಯಾರೂ ಮಾತಾಡಿಸುವುದಿಲ್ಲ.

ಅವತ್ತು ಮಾತ್ರ ಒಬ್ಬ ಮಾತಾಡಿಸಿದ.

"ವಂದನೆಗಳು ರೀ, ಟೀಚರ್."

ಹಾಗೆ ವಂದನೆ ಹೇಳುವವರು ಚರ್ಚಿನವರು. ಟೀಚರ್ ಎಂದು ಕರೆಯುವವರು ಹಿಮಾಯತ್‌ನಗರದ ಹಿಂದಿನ ಓಣಿಯ ಆ ಚಿಕ್ಕ ಕನ್ನಡ ಸಭೆಯವರು. ಅಲ್ಲಿ ಅವಳು ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅದೆಲ್ಲ ಬಿಟ್ಟು ಎರಡು ವರ್ಷವಾಗಿತ್ತು.

ಕಣ್ಣು ತೆರೆದಳು. ನೀಲಿ ಯೂನಿಫಾರ್ಮಿನವನೊಬ್ಬ ಮೇಲಿನ ಕಂಬಿ ಹಿಡಿದು ನಿಂತಿದ್ದ. ಜೇಬಿನಲ್ಲಿ ಎಲೆಕ್ಟ್ರಿಷಿಯನ್ನರ ಟೆಸ್ಟರ್. ಕಿವಿಯ ಮೇಲೆ ನಾಲ್ಕಾರು ಬಿಳಿ ಕೂದಲು.

"ಅಯ್ಯನೋರು ಕಳಿಸ್ಯಾರೇನು?" ಅಂದಳು.

"ಯಾವ ಅಯ್ಯನೋರು ರೀ?"

"ನಾಟಕ ಬ್ಯಾಡ. ಪಾಸ್ಟರ್ ಅಯ್ಯನೋರು. ಕಳಕೊಂಡ ಕುರೀನ ಹುಡುಕಿ ತೊಗೊಂಡು ಬಾ ಅಂದಿರಬೇಕು. ಹೋಗಿ ಹೇಳ್ರಿ, ಕುರಿ ಆರಾಮ ಐತಿ, ಕೂಡಾಕ ಸೀಟೂ ಸಿಕ್ಕೈತಿ ಅಂತ."

ಅವನು ನಕ್ಕ. "ಕುರಿಗೆ ಸೀಟು ಸಿಕ್ಕೈತಿ ಖರೆ. ಹುಡುಕಾಕ ಬಂದವಗ ಸಿಕ್ಕಿಲ್ಲ. ಆ ನಿಮ್ಮ ಬ್ಯಾಗು ಟಿಕೀಟ್ ತೊಗೊಂಡೈತೇನು?"

ನಗಬಾರದು ಅಂದುಕೊಂಡಳು. ತುಟಿ ಮಾತು ಕೇಳಲಿಲ್ಲ. ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು.

ಅವನ ಹೆಸರು ಚೇತನಕುಮಾರ. ಅವಳು ಮಾತ್ರೆ ಪ್ಯಾಕಿಂಗ್ ತಪಾಸಣೆ ಮಾಡುವ ಕಾರ್ಖಾನೆಯ ಪಕ್ಕದ ಕಾರ್ಖಾನೆಯಲ್ಲಿ ಕೆಲಸ. ಯಾದಗಿರಿಯಿಂದ ಅವ್ವನನ್ನು ಕರೆದುಕೊಂಡು ಬಂದು ಒಂದು ವರ್ಷವಾಗಿತ್ತು. ಭಾನುವಾರ ಅದೇ ಸಭೆಯಲ್ಲಿ ಢೋಲಕ್ ಬಾರಿಸುತ್ತಿದ್ದ. ಅವನನ್ನು ಯಾರೂ ಕಳಿಸಿರಲಿಲ್ಲ.

"ಹುಡುಗರು ಒಂದು ಹಾಡು ಹಾಡ್ತಾರ್ರಿ. ನಡುವ ಒಂದು ಚಪ್ಪಾಳಿ ಬಿಟ್ಟು ಹೊಡಿತಾರ. ನನ್ನ ಢೋಲಕ್ಕಿಗೆ ಅದು ಸಿಗವಲ್ದು. ಯಾರು ಕಲಿಸ್ಯಾರ ಅಂತ ಕೇಳಿದೆ. ದೊಡ್ಡವರೆಲ್ಲ ನೆಲ ನೋಡಿದರು. ಒಂದು ಹುಡುಗಿ ಅಷ್ಟ ನಿಮ್ಮ ಹೆಸರು ಹೇಳಿ ಫೋಟೋ ತೋರಿಸ್ತು. ನೋಡಿದ್ರ ದಿನಾ ಇದ ಬಸ್ಸಿನಾಗ ಕಾಣೂ ಮಾರಿ. ಅಷ್ಟು ಚೆಂದ ಕಲಿಸಿದವರ ಹೆಸರು ಹೇಳಾಕ ಯಾಕ ಅಂಜತಾರ ಅಂತ ನೋಡಾಕ ಬಂದೀನಿ."

"ನೋಡಿದ್ರಲ್ಲ?"

"ಇನ್ನೂ ಪೂರ್ತಿ ನೋಡಿಲ್ಲ," ಅಂದ. ಅಂದವನೇ ನಾಚಿ ಕಿಟಕಿಯ ಕಡೆ ತಿರುಗಿದ. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಲಾರಿಗಳು ಮತ್ತು ಧೂಳು.

ಆಮೇಲೆ ಅವರಿಬ್ಬರೂ ದಿನಾ ಜೊತೆಗೆ ಕೂತರು. ಅವನು ಅವಳ ಮಗ್ಗುಲಲ್ಲಿ ಕೂರುವಾಗ ನಡುವೆ ಒಂದು ಗೇಣು ಜಾಗ ಬಿಡುತ್ತಿದ್ದ. ಬಸ್ಸು ತಿರುವಿನಲ್ಲಿ ವಾಲಿದಾಗ ಆ ಗೇಣು ಕರಗುತ್ತಿತ್ತು. ನೆಟ್ಟಗಾದ ಮೇಲೂ ಕೆಲವು ದಿನ ಇಬ್ಬರೂ ಸರಿಯಲು ಮರೆಯುತ್ತಿದ್ದರು.

ಚರ್ಚಿಗೆ ಯಾಕೆ ಬರುವುದಿಲ್ಲ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಕೇಳದವರಿಗೇ ಹೇಳಬೇಕೆನಿಸುವುದು. ಒಂದು ಸಂಜೆ, ಬಸ್ಸು ಸಿಗ್ನಲ್‌ನಲ್ಲಿ ನಿಂತಾಗ, ಅವಳು ಹೇಳಿದಳು.

ಸಭೆಯ ಗಾಯನ ತಂಡದಲ್ಲಿ ಸೌಂದರ್ಯಾ ಎಂಬ ಹುಡುಗಿ ಇದ್ದಳು, ಆಗಷ್ಟೇ ಡಿಗ್ರಿಗೆ ಸೇರಿದವಳು. ತಂಡ ನಡೆಸುತ್ತಿದ್ದವನು ಪಾಸ್ಟರ ಭಾಮೈದ. ರಿಹರ್ಸಲ್ ಮುಗಿದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿಕೊಂಡು ಕೈ ಹಿಡಿದೆಳೆದ. ಹುಡುಗಿ ಅಳುತ್ತಾ ಸಾಲೋಮಿಯ ಹತ್ತಿರ ಬಂದಳು. ಸಾಲೋಮಿ ಹಿರಿಯರ ಹತ್ತಿರ ಹೋದಳು. ಹಿರಿಯರು ಅವಳನ್ನೇ ಕೂರಿಸಿಕೊಂಡು, ಸಭೆಯ ಮರ್ಯಾದೆ ಬೀದಿಗೆ ತರಬೇಡ ಅಂದರು. ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸೌಂದರ್ಯಾಳ ಮನೆಯವರು ಗಂಟುಮೂಟೆ ಕಟ್ಟಿ ಯಾದಗಿರಿಗೆ ಹೋದರು. ಸಂಡೇ ಸ್ಕೂಲಿಗೆ ಬೇರೆ ಟೀಚರ್ ಬಂದಳು. ಆ ಭಾಮೈದ ಇವತ್ತಿಗೂ ಮುಂದಿನ ಬೆಂಚಿನಲ್ಲಿ ಕೂರುತ್ತಾನೆ.

"ಅವ್ವ ತೀರಿಕೊಂಡಾಗ ಇದ ಜನ ಬಂದು ನನ್ನ ಕೂಡ ಅತ್ತಿದ್ರು," ಅಂದಳು. "ಹಂಗಾಗಿ ಅವರನ್ನ ದೇವರ ಕೈ ಅಂತ ತಿಳಿದಿದ್ದೆ. ಈಗ ಪ್ರಾರ್ಥನಿಗೆ ಕುಂತ್ರ ಮಾತ ಬರಂಗಿಲ್ಲ. ಭಾಳ ದಣಿದೀನಿ ರೀ. ದೇವರು ಇಲ್ಲ ಅನ್ನಾಕೂ ತ್ರಾಣಿಲ್ಲ, ಅದಾನ ಅನ್ನಾಕೂ ಇಲ್ಲ."

ಅವನು ಉಪದೇಶ ಮಾಡಲಿಲ್ಲ. ಸಿಗ್ನಲ್ ಬಿಟ್ಟಿತು. "ಖರೆ ಹೇಳಿದವರು ಹೊರಗ, ಉಳಿದವರು ಒಳಗ," ಅಂದ, ತನಗೇ ಹೇಳಿಕೊಳ್ಳುವಂತೆ. "ನಾನೂ ಒಳಗ ಕುಂತು ಢೋಲಕ್ ಬಾರಸ್ಲಾಕತ್ತೀನಿ ನೋಡ್ರಿ."

ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್‌ಗೆ ಹೋದರು. ದೀಪಗಳು, ಶಾಲು ಮಾರುವ ಕಾಶ್ಮೀರದವರು, ಮೈಕಿನಲ್ಲಿ ಕಳೆದುಹೋದವರ ಹೆಸರುಗಳು. ಅವಳು ಮೆಣಸಿನಕಾಯಿ ಭಜಿ ಕಚ್ಚಿದ ಹೊತ್ತಿಗೆ ಸರಿಯಾಗಿ ಅವನು ಕೇಳಿದ.

"ಲಗ್ನ ಆಗೋಣೇನ್ರಿ?"

ಅವಳ ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಏನಕ್ಕೋ. "ಬಾಯಿ ತುಂಬಿರೋವಾಗ ಕೇಳ್ತಾರೇನು ಇಂಥಾದ್ದು?"

"ಅದಕ್ಕ ಕೇಳಿದೆ. ಲಗೂನ ಇಲ್ಲ ಅನ್ನಾಕ ಆಗಬಾರದು ನೋಡ್ರಿ."

ನೀರು ಕುಡಿದು, ಬಾಯಿ ಒರೆಸಿಕೊಂಡು, ಅವಳು ನಿಧಾನವಾಗಿ ಹೇಳಿದಳು. "ನಿಮಗ ಪ್ರಾರ್ಥನಾ ಅಂದ್ರ ಉಸಿರು. ನನಗ ಅದು ಬರವಲ್ದು. ನನ್ನ ಕೂಡ ಬಾಳ್ವಿ ಹ್ಯಾಂಗ ಮಾಡ್ತೀರಿ?"

"ನಿಮ್ಮನ್ನ ನಂಬಸಾಕ ನಾ ಲಗ್ನ ಆಗಾಕತ್ತಿಲ್ಲ. ನೀವು ಬೇಕಂತ ಆಗಾಕತ್ತೀನಿ."

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮದುವೆ ಎಂದ ಮೇಲೆ ತಾಯಂದಿರು ಇರುತ್ತಾರೆ.

ಚೇತನನ ಅವ್ವ ಗಿರಿಜಾಬಾಯಿ ಮಗನ ತಲೆ ನೆರೆಯುವವರೆಗೆ ಕಾದವರು. ಅವರಿಗೆ ಹುಡುಗಿ ಮನಸ್ಸಿಗೆ ಬಂದಳು. ಲಗ್ನ ಮಾತ್ರ ಚರ್ಚಿನಲ್ಲೇ ಆಗಬೇಕು. ಚರ್ಚಿನಲ್ಲಿ ಮದುವೆಯಾಗಬೇಕಾದರೆ ಮೂರು ಭಾನುವಾರ ವಧುವರರ ಹೆಸರನ್ನು ಸಭೆಯ ಮುಂದೆ ಓದಿ, ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಕೇಳುವುದು ಪದ್ಧತಿ. ಮುದುಕಿ ಯಾರಿಗೂ ಹೇಳದೆ ಪಾಸ್ಟರ ಮನೆಗೆ ಹೋದರು. ಓದೋಣ, ಅಂದರು ಪಾಸ್ಟರು. ಆದರೆ ಮೂರನೆಯ ಭಾನುವಾರ ಹುಡುಗಿ ಎಲ್ಲರ ಮುಂದೆ ಮಂಡಿಯೂರಿ, ಸಭೆಯ ಹೆಸರು ಕೆಡಿಸಿದ್ದಕ್ಕೆ ಕ್ಷಮೆ ಕೇಳಬೇಕು.

ಗಿರಿಜಾಬಾಯಿ ತಮ್ಮ ಕಾಲದಲ್ಲಿ ಅತ್ತೆ, ಮಾವ, ನಾದಿನಿ ಎಲ್ಲರ ಮುಂದೆ ತಪ್ಪಿಲ್ಲದಿದ್ದರೂ ತಲೆ ಬಗ್ಗಿಸಿದವರು. ಬಗ್ಗಿದ ತಲೆ ಆಮೇಲೆ ಮೇಲಕ್ಕೆದ್ದೇ ಏಳುತ್ತದೆ ಎಂಬುದು ಅವರ ಅನುಭವ. ಹೂಂ ಅಂದು ಬಂದರು. ಕೊನೆಗೆ ಹೇಳಿದರಾಯಿತು ಎಂದು ಮನೆಯಲ್ಲಿ ಬಾಯಿ ಬಿಡಲಿಲ್ಲ.

ಹೆಸರು ಓದಿದ ಮೊದಲನೆಯ ಭಾನುವಾರ ಚೇತನನಿಗೆ ಡ್ಯೂಟಿ ಇತ್ತು, ಚರ್ಚಿಗೆ ಹೋಗಿರಲಿಲ್ಲ. ಅವತ್ತೇ ಸಂಜೆ ಹಳೆಯ ಪರಿಚಯದವರೊಬ್ಬರು ಸಾಲೋಮಿಗೆ ಫೋನ್ ಮಾಡಿದರು. "ಭಾಳ ಖುಷಿ ಆತು ನೋಡಮ್ಮಾ. ಕಡೀಕೂ ಕ್ಷಮಾ ಕೇಳಾಕ ಒಪ್ಪಿದಿಯಲ್ಲ."

ಮರುದಿನ ಅವನು ಬಸ್ಸು ಹತ್ತಿದಾಗ ಅವಳ ಪಕ್ಕದಲ್ಲಿ ಬೇರೆ ಹೆಂಗಸು ಕೂತಿದ್ದಳು. ಪಟಾನ್‌ಚೆರುವಿನಲ್ಲಿ ಇಳಿದ ಮೇಲೆ ಅವಳ ಹಿಂದೆ ಓಡಿದ.

"ಏನಾತು ರೀ?"

ಅವಳು ಹೇಳಿದಳು. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವನಿಗೆ ಒಂದಿಷ್ಟೂ ತಿಳಿದಿರಲಿಲ್ಲ.

"ನಮ್ಮವ್ವ..." ಅಂದ.

"ನಿಮ್ಮವ್ವ ಕೆಟ್ಟವರಲ್ಲ. ಅದ ತ್ರಾಸು. ಕೆಟ್ಟವರ ಕೂಡ ಜಗಳರೆ ಆಡಬಹುದಿತ್ತು." ಫ್ಯಾಕ್ಟರಿಯ ಸೈರನ್ ಕೂಗಿತು. ಅವಳು ಅದನ್ನು ಕೇಳಿಸಿಕೊಳ್ಳದವಳಂತೆ ನಿಂತಳು. "ನಾ ಮಂಡಿ ಊರಿದ್ರ ಸೌಂದರ್ಯಾ ಸುಳ್ಳು ಹೇಳಿದಂಗಾಗ್ತದ. ಅದು ನನ್ನ ಕೈಲೆ ಆಗಂಗಿಲ್ಲ. ಬಿಟ್ಟಬಿಡೋಣ ಚೇತನ್."

ಮೊದಲ ಸಲ ಅವನನ್ನು ಹೆಸರು ಹಿಡಿದು ಕರೆದಿದ್ದಳು. ಅದೂ ಬಿಡುವುದಕ್ಕೆ.

"ಬರೋ ಐತವಾರ ಬರ್ರಿ," ಅಂದ. "ಒಳಗ ಬ್ಯಾಡ. ಗೇಟಿನ ತನಕ. ಆಮ್ಯಾಲೂ ಬಿಡೂದೇ ಅಂದ್ರ ಬಿಡೋಣ."

ಹೋಗಬಾರದು ಎಂದುಕೊಂಡೇ ಅವಳು ಭಾನುವಾರ ಸೀರೆಯುಟ್ಟಳು. ಹೋಗಬಾರದು ಎಂದುಕೊಂಡೇ ಬಸ್ಸು ಹತ್ತಿದಳು. ಓಣಿಯ ಗೇಟಿನ ಒಳಗೆ ಚಪ್ಪಲಿಗಳ ರಾಶಿ. ಅದರ ಪಕ್ಕದ ಗೋಡೆಗೆ ಒರಗಿ ನಿಂತಳು. ಒಳಗೆ ಹಾಡು ನಡೆದಿತ್ತು. ಢೋಲಕ್ಕಿನ ಪೆಟ್ಟು ಅವಳ ಅಂಗಾಲಿಗೆ ತಾಕುತ್ತಿತ್ತು. ಹಾಡು ನಿಂತಿತು. ಪಾಸ್ಟರು ಎರಡನೆಯ ಸಲ ಇಬ್ಬರ ಹೆಸರನ್ನೂ ಓದಿದರು.

"ಈ ವಿವಾಹಕ್ಕೆ ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಬಹುದು."

ಅದು ಹೇಳುವ ಮಾತು ಅಷ್ಟೇ. ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಪಾಸ್ಟರು ಪುಟ ತಿರುಗಿಸಿಯೂ ಆಗಿತ್ತು.

"ನನ್ನದೈತಿ ರೀ."

ಒಳಗೆ ನಗು ಎದ್ದಿತು. ಯಾರೋ ಅಂದರು: "ಏ, ವರ ನೀನ ಅಲ್ಲೇನೋ ತಮ್ಮಾ!"

"ಹೌದ್ರಿ. ವರನದ ಆಕ್ಷೇಪಣೆ. ಹುಡುಗಿ ಮ್ಯಾಲ ಅಲ್ಲ. ನೀವು ಹಾಕಿದ ಶರತ್ತಿನ ಮ್ಯಾಲ." ಅವನು ಸಭೆಯಲ್ಲಿ ಮಾತಾಡಿ ರೂಢಿಯಿಲ್ಲದವನು. "ಆಕಿ ಖರೆ ಹೇಳ್ಯಾಳ. ಖರೆ ಹೇಳಿದಾಕಿ ಮಂಡಿ ಊರೂದು, ತಪ್ಪು ಮಾಡಿದಾಂವ ಮುಂದಿನ ಬೆಂಚಿನಾಗ ಕೂಡೂದು ಅಂದ್ರ, ನಮ್ಮ ಲಗ್ನ ಇಲ್ಲಿ ಬ್ಯಾಡ್ರಿ. ಹೆಸರು ಹೊಡದು ಹಾಕ್ರಿ."

ನಗು ನಿಂತಿತು. ಕೂಡು, ಕೂಡು ಎಂದು ಯಾರೋ ಗದರಿದರು. ಅವನ ಪರವಾಗಿ ಒಬ್ಬರೂ ಏಳಲಿಲ್ಲ. ಒಂದು ಕೂಸು ಅತ್ತಿತು. ಪಾಸ್ಟರು ಮುಂದಿನ ಹಾಡಿನ ನಂಬರ್ ಹೇಳಿದರು. ಜನ ಹಾಡಿದರು, ಢೋಲಕ್ ಇಲ್ಲದೆ.

ಮೊದಲು ಹೊರಗೆ ಬಂದವರು ಗಿರಿಜಾಬಾಯಿ. ಕಣ್ಣು ಕೆಂಪಾಗಿತ್ತು. ಸಾಲೋಮಿಯನ್ನು ಕಂಡು ನಿಂತರು.

"ಇಷ್ಟು ಮಂದ್ಯಾಗ ನನ್ನ ಮಾರಿ ಎತ್ತದಂಗ ಮಾಡಿದ ಆಂವ. ನಿನ್ನ ಸಲುವಾಗಿ."

"ಹೌದ್ರಿ."

"ಹೌದ್ರಿ ಅಂತಾಳ! ನನ್ನ ಚಪ್ಪಲಿ ಎಲ್ಲಿ?"

ಸಾಲೋಮಿ ಹುಡುಕಿ ತಂದು ಅವರ ಕಾಲಬಳಿ ಇಟ್ಟಳು. ಮುದುಕಿ ಒಂದು ಕಾಲು ತೂರಿಸಿ, ಇನ್ನೊಂದು ತೂರಿಸದೆ ಗೋಡೆ ಹಿಡಿದುಕೊಂಡರು.

"ಆ ಹುಡುಗಿಗೆ ಖರೇನ ಏನಾಗಿತ್ತು?"

ಸಾಲೋಮಿ ಹೇಳಿದಳು. ದನಿ ಏರಿಸಲಿಲ್ಲ.

"ನನಗ ಇದನ್ನ ಯಾರೂ ಹೇಳಲಿಲ್ಲ ನೋಡು."

"ನೀವೂ ಕೇಳಲಿಲ್ಲ ರೀ, ಅತ್ತಿ."

ಗಿರಿಜಾಬಾಯಿ ಇನ್ನೊಂದು ಚಪ್ಪಲಿ ಮೆಟ್ಟಿದರು.

ಚೇತನ ಢೋಲಕ್ ಹೆಗಲಿಗೆ ಹಾಕಿಕೊಂಡು ಬಂದ. ಮೂವರೂ ಮುಖ್ಯರಸ್ತೆಗೆ ಬಂದು, ಎದುರಿಗೆ ಸಿಕ್ಕ ಇರಾನಿ ಹೋಟೆಲಿನಲ್ಲಿ ಕೂತರು. ಮೂರು ಚಹಾ ಬಂತು.

"ಆರಾಧನಾ ಅರ್ಧಕ್ಕ ಬಿಟ್ಟು ಬಂದೀವಿ," ಅಂದರು ಗಿರಿಜಾಬಾಯಿ. "ಪ್ರಾರ್ಥನಾ ಮುಗಸಬೇಕು. ನೀ ಮಾಡವ್ವ."

"ನನಗ ಬರಂಗಿಲ್ಲ ರೀ."

"ಟೀಚರ್ ಅಂತಾರ! ಬಂದಷ್ಟು ಮಾಡು."

ಮುದುಕಿ ಸೆರಗು ಹೊದ್ದು ಕಣ್ಣು ಮುಚ್ಚಿಯೇ ಬಿಟ್ಟರು. ಸಾಲೋಮಿ ಕಣ್ಣು ಮುಚ್ಚಲಿಲ್ಲ. ಚಹಾದ ಮೇಲೆ ಕಟ್ಟುತ್ತಿದ್ದ ಕೆನೆಯನ್ನೇ ನೋಡುತ್ತಾ, ಪಕ್ಕದ ಟೇಬಲಿನವರಿಗೆ ಕೇಳದಂತೆ ಹೇಳಿದಳು.

"ದೇವರೇ, ನಿನ್ನ ಮ್ಯಾಲ ನನಗ ಭಾಳ ಸಿಟ್ಟೈತಿ. ನಿನ್ನ ಹೆಸರಿನಾಗ ಅವರು ಹಂಗ ಮಾಡಿದಾಗ ನೀ ಎಲ್ಲಿದ್ದಿ ಅಂತ ಗೊತ್ತಿಲ್ಲ. ಇವತ್ತು ಒಬ್ಬಾಂವ ಎದ್ದು ನಿಂತ. ಅವನ್ನ ನಿಂದರಿಸಿದಾಂವ ನೀನ ಆಗಿದ್ರ, ಇನ್ನೊಂದೀಟು ನಿನ್ನ ಕೂಡ ಮಾತಾಡ್ತೀನಿ. ಇಷ್ಟ."

ಆಮೆನ್ ಅನ್ನಲಿಲ್ಲ. ಕಾದು ಕಾದು ಗಿರಿಜಾಬಾಯಿ ಒಂದು ಕಣ್ಣು ತೆರೆದರು. "ಇದೆಂಥಾ ಪ್ರಾರ್ಥನಾ?"

"ಖರೆ ಐತಲ್ಲ ಅವ್ವ," ಅಂದ ಚೇತನ. ಅವನು ಸಾಲೋಮಿಯನ್ನೇ ನೋಡುತ್ತಿದ್ದ, ಬಸ್ಸಿನಲ್ಲಿ ಎಂದೂ ನೋಡಲಾಗದಷ್ಟು ಹೊತ್ತು. ಅವಳು ಕಪ್ಪಿನ ಹಿಂದೆ ಮುಖ ಮರೆಮಾಡಿಕೊಂಡಳು.

"ಲಗ್ನ ಎಲ್ಲಿ ಮತ್ತ?"

"ರಿಜಿಸ್ಟರ್ ಆಫೀಸಿನಾಗ ಆಗ್ತೀವಿ," ಅಂದಳು ಸಾಲೋಮಿ. "ಪ್ರಾರ್ಥನಾ ನಿಮ್ಮ ಮನ್ಯಾಗ ಇಡ್ರಿ. ನಾ ಕೂಡ್ತೀನಿ. ಸೌಂದರ್ಯಾನ ಮನಿಯವರನ್ನ ಕರಿಬೇಕು. ನನ್ನ ಶರತ್ತು ಅದೊಂದ."

ಗಿರಿಜಾಬಾಯಿ ಸೊಂಟದ ಚೀಲದಿಂದ ಫೋನ್ ತೆಗೆದರು. ಊರಿನವರ ನಂಬರ್ ಅವರ ಹತ್ತಿರ ಇಲ್ಲದೆ ಹೋದೀತೇ! ದೂರಕ್ಕೆ ಮಾತಾಡುವಾಗ ದೊಡ್ಡ ದನಿ ಬೇಕು ಎಂದು ನಂಬಿದವರು ಅವರು. ಇಡೀ ಹೋಟೆಲಿಗೆ ಕೇಳಿಸಿತು.

"ಸೌಂದರ್ಯಾನ ಅವ್ವ ಏನ್ರಿ? ನಾ ಗಿರಿಜಾಬಾಯಿ ಮಾತಾಡಾಕತ್ತೀನಿ, ಹೈದ್ರಾಬಾದಿಂದ. ಮಗನ ಲಗ್ನಕ್ಕ ಕರಿಯಾಕ ಫೋನ್ ಮಾಡೀನಿ... ಇಲ್ಲ, ತಡೀರಿ. ಅದಕ್ಕೂ ಮೊದಲ ಒಂದು ಐತಿ. ನಿಮ್ಮ ಮಗಳ ಹತ್ರ ಕ್ಷಮಾ ಕೇಳಬೇಕಾಗಿತ್ತು ನಾವು. ನಾನರೆ ಕೇಳ್ತೀನಿ. ಫೋನ್ ಕೂಸಿಗೆ ಕೊಡ್ರಿ."

ಸಾಲೋಮಿ ಎತ್ತಿದ ಕಪ್ಪಿನಿಂದ ಕುಡಿಯುವುದನ್ನೇ ಮರೆತಳು. ಚೇತನ ಅದನ್ನು ಹಿಡಿದು ಕೆಳಗಿಟ್ಟ. ಅವಳ ಕೈ ಮಾತ್ರ ಬಿಡಲಿಲ್ಲ.

ಯಾದಗಿರಿಯಲ್ಲಿ ಆ ಹುಡುಗಿ ಏನಂದಳೋ ಕೇಳಿಸಲಿಲ್ಲ. ಮುದುಕಿ ಮಾತ್ರ ಹೂಂ, ಹೂಂ ಅನ್ನುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡರು.

"ಆಮೆನ್," ಅಂದಳು ಸಾಲೋಮಿ, ಬಲು ಮೆಲ್ಲಗೆ.

"ತಡ ಆತಲ್ಲ, ಟೀಚರ್," ಅಂದ ಚೇತನ.

"ಬಂತಲ್ಲ. ಸುಮ್ಮನ ಚಹಾ ಕುಡೀರಿ."